ರಿಸಾಲ್ದಾರರ ತೂಕ

ನಾನು ತಕ್ಕಡಿಯವಳು. ನಮ್ಮಪ್ಪ ತಕ್ಕಡಿಯವನು, ಅವನಪ್ಪನೂ ಅದೇ. ಹೊಳೆ ದಾಟುವವರು ಯಾರೇ ಆಗಲಿ, ಮೊದಲು ಕಡವಿನಲ್ಲಿ ನನ್ನ ಹಲಗೆಯ ಮೇಲೆ ನಿಲ್ಲಬೇಕು. ಮಣಕ್ಕೊಂದು ಬೆಳ್ಳಿ ರೂಪಾಯಿಯಂತೆ ಕೊಟ್ಟು ಆಮೇಲೆ ದೋಣಿಗೆ ಕಾಲಿಡಬೇಕು. ದುಬಾರಿ ಅನ್ನುತ್ತೀರೇನೋ. ಆಚೆ ದಡ ಕಣ್ಣಿಗೆ ಕಾಣದಂಥ ಹೊಳೆ ಅದು, ಹೋಗಲು ಒಂದು ಹಗಲು, ಬರಲು ಒಂದು ಹಗಲು. ಊರಿನವರು ನನ್ನನ್ನು ತೂಕದ ಸಣ್ಣಮ್ಮ ಅನ್ನುತ್ತಾರೆ. ಮುಖ ನೋಡಿ ಒಂದು ಕಾಸು ಬಿಟ್ಟವಳಲ್ಲ, ಜಗಳಕ್ಕೆ ಬಂದವರಿಗೆ ಎರಡು ಮಾತು ಜಾಸ್ತಿಯೇ ಕೊಟ್ಟು ಕಳಿಸಿದವಳು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಹೇಳಹೊರಟಿರುವುದು ನನ್ನ ತಕ್ಕಡಿ ತಪ್ಪಿದ ಕತೆ.

ನಮ್ಮೂರಲ್ಲಿ ಹಂಬಲಕ್ಕೆ ತೂಕ ಉಂಟು. ನಮಗಿದು ಹೊಸದಲ್ಲವಾದ್ದರಿಂದ ಯಾರೂ ಅದರ ಬಗ್ಗೆ ಮಾತಾಡುವುದಿಲ್ಲ, ಅದಕ್ಕೆ ತಕ್ಕ ಹಾಗೆ ಬದುಕುತ್ತೇವೆ ಅಷ್ಟೆ. ಹೊಸದಾಗಿ ಬಂದ ಸೊಸೆಗೆ ಮೂರು ತಿಂಗಳು ಮಂಚ ಹಾಕುವುದಿಲ್ಲ, ನೆಲದ ಮೇಲೇ ಚಾಪೆ. ತವರಿನ ಗುಂಗು ಇಳಿದ ಮೇಲೆ ಮಂಚ. ಪರಸ್ಥಳದವರಿಗೆ ಮಹಡಿಯ ಕೋಣೆ ಬಾಡಿಗೆಗೆ ಸಿಗುವುದಿಲ್ಲ. ಗಾಡಿಯವರು ಹತ್ತಿಸಿಕೊಳ್ಳುವ ಮುಂಚೆ ಮುಖ ನೋಡುತ್ತಾರೆ, ಅಚ್ಚು ಮುರಿದರೆ ಯಾರು ಕೊಡುತ್ತಾರೆ? ಇಲ್ಲೇ ಹುಟ್ಟಿ ಇಲ್ಲೇ ಬೆಳೆದವರೆಲ್ಲ ಐದು ಮಣದ ಆಸುಪಾಸಿನಲ್ಲೇ ಇರುತ್ತಾರೆ. ನಾನಂತೂ ಹದಿನೆಂಟನೇ ವರ್ಷದಿಂದ ನಾಲ್ಕೂವರೆ ಮಣ, ಗುಲಗಂಜಿಯಷ್ಟು ಹೆಚ್ಚಿಲ್ಲ, ಗುಲಗಂಜಿಯಷ್ಟು ಕಡಿಮೆಯಿಲ್ಲ.

ಅದಕ್ಕೇ ಈ ಕೆಲಸ ನನಗೆ. ತಕ್ಕಡಿ ಸರಿಯಿದೆಯೋ ಇಲ್ಲವೋ ನೋಡಲು ನಮ್ಮಲ್ಲಿ ಬೇರೆ ಕಲ್ಲಿಲ್ಲ, ತಕ್ಕಡಿಯವರ ಮೈಯೇ ಕಲ್ಲು. ದಿನಾ ಬೆಳಿಗ್ಗೆ ಸ್ನಾನ ಮಾಡಿ ನಾನೇ ಹಲಗೆ ಹತ್ತುತ್ತೇನೆ. ಉದ್ದನೆಯ ಹೊನ್ನೆ ಮರದ ತೊಲೆ. ಅದರ ಒಂದು ತುದಿಗೆ ಹಲಗೆ ತೂಗುಹಾಕಿದೆ, ಇನ್ನೊಂದು ಕಡೆ ಕೊರೆದ ಗೀಟುಗಳ ಮೇಲೆ ಕಬ್ಬಿಣದ ಗುಂಡು ಸರಿಸಬೇಕು. ನಾನು ನಿಂತಾಗ ನಾಲ್ಕೂವರೆಯ ಗೀಟಿನಲ್ಲಿ ತೊಲೆ ಮಟ್ಟಸವಾಗಿ ನಿಂತರೆ ತಕ್ಕಡಿ ಸರಿ. ಇಲ್ಲದಿದ್ದರೆ ತೊಲೆಯ ಬಾಲಕ್ಕೆ ಕಟ್ಟಿದ ಚರ್ಮದ ಚೀಲಕ್ಕೆ ಒಂದು ಹಿಡಿ ಮರಳು ಹಾಕಿಯೋ ತೆಗೆದೋ ಸರಿಮಾಡಬೇಕು. ಮರ ತೇವ ಕುಡಿಯುತ್ತದೆ, ಬಿಸಿಲಿಗೆ ಒಣಗುತ್ತದೆ, ಮೈ ಮಾತ್ರ ಬದಲಾಗುವುದಿಲ್ಲ ಅಂತ ನಮ್ಮಪ್ಪ ಹೇಳಿಕೊಟ್ಟಿದ್ದ.

ಆಚೆ ಸೀಮೆಯಲ್ಲಿ ದಂಗೆಯೆದ್ದು, ಜನ ಅರಸನನ್ನು ಗದ್ದುಗೆಯಿಂದ ಇಳಿಸಿ ತಾವೇ ಆಳಿಕೊಳ್ಳತೊಡಗಿದ ವರ್ಷ, ಅರಸನ ಪರವಾಗಿ ಹೋರಾಡಿ ಸೋತ ಸರದಾರರು ನಮ್ಮೂರಿಗೆ ಬಂದರು. ಎಪ್ಪತ್ತೋ ಎಂಬತ್ತೋ ಜನ. ಜರಿ ಪೇಟ, ಎದೆ ತುಂಬ ಬಿಲ್ಲೆ, ಒಬ್ಬೊಬ್ಬರಿಗೂ ಕುದುರೆ. ಆರು ತಿಂಗಳಲ್ಲಿ ವಾಪಸು ಹೋಗುವವರ ಹಾಗೆ ಪೆಟ್ಟಿಗೆಯನ್ನೂ ಬಿಚ್ಚಲಿಲ್ಲ. ಅರಸ ದೂರದ ಸಮುದ್ರದ ಕಡೆ ಎಲ್ಲೋ ಬಿಡಾರ ಹೂಡಿ, ಅಲ್ಲಿಂದ ಇವರಿಗೆ ಅರ್ಧ ಸಂಬಳ ಕಳಿಸುತ್ತಿದ್ದ. ಮೊದಲ ವರ್ಷ ಬೆಳ್ಳಿ ಬಂತು. ಎರಡನೇ ವರ್ಷ ಅರಮನೆಯ ಮೊಹರು ಒತ್ತಿದ ಚೀಟಿ ಬಂತು. ಆ ಚೀಟಿಯನ್ನು ಇಡೀ ಪೇಟೆಯಲ್ಲಿ ಕಡಲೆಕಾಯಿ ಮಾರುವ ಹೊನ್ನಿಯೊಬ್ಬಳೇ ತೆಗೆದುಕೊಳ್ಳುತ್ತಿದ್ದಳು, ಪೊಟ್ಟಣ ಕಟ್ಟುವುದಕ್ಕೆ ಕಾಗದ ಗಟ್ಟಿಯಾಗಿದೆ ಅಂತ. ಮೂರನೇ ವರ್ಷ ಅರಸ ಹೊಸ ಸರಕಾರದ ಜೊತೆ ರಾಜಿ ಮಾಡಿಕೊಂಡು ತನ್ನ ಹೊಟ್ಟೆಗೆ ಒಂದು ದಾರಿ ನೋಡಿಕೊಂಡನಂತೆ. ಇವರಿಗೆ ಚೀಟಿಯೂ ನಿಂತಿತು.

ಮೊದಲು ಕುದುರೆಗಳು ಹೋದವು, ಆಮೇಲೆ ಜೀನು, ಆಮೇಲೆ ಕತ್ತಿ, ಕೊನೆಗೆ ಅಂಗಿಯ ಗುಂಡಿ. ನಮ್ಮೂರಿನ ಅರ್ಧ ಗಂಡಸರ ಅಂಗಿಯಲ್ಲಿ ಇವತ್ತಿಗೂ ಅರಮನೆಯ ಹಿತ್ತಾಳೆ ಗುಂಡಿಗಳಿವೆ. ಮುನ್ನೂರು ಜನರಿಗೆ ಅಪ್ಪಣೆ ಕೊಡುತ್ತಿದ್ದ ಕಿಲ್ಲೇದಾರರು ಅಕ್ಕಿ ಮಂಡಿಯ ಬಾಗಿಲಲ್ಲಿ ಕೋಲು ಹಿಡಿದು ನಿಂತರು. ಮೂಟೆ ಹೊರುವ ಕೂಲಿ ಇವರಿಗೆ ಆಗುತ್ತಿರಲಿಲ್ಲ, ಅವರ ಹೊರೆಯೇ ಅವರಿಗೆ ಸಾಕುಬೇಕಾಗಿತ್ತು. ಮೆಟ್ಟಿಲು ಹತ್ತಿದರೆ ಮೆಟ್ಟಿಲು ಕಿತ್ತುಬರುತ್ತಿತ್ತು, ಜಗಲಿಯ ಮೇಲೆ ಕೂತರೆ ಮನೆಯವರು ಒಳಗಿನಿಂದ ಕೆಮ್ಮುತ್ತಿದ್ದರು. ಬಡತನದಲ್ಲೂ ಹಗುರಾಗದ ಜನ ಅಂತ ನಾವೂ ನಕ್ಕದ್ದುಂಟು. ಸುಳ್ಳು ಯಾಕೆ ಹೇಳಲಿ, ನಾನೂ ನಕ್ಕಿದ್ದೇನೆ.

ರಿಸಾಲ್ದಾರ್ ತಿಮ್ಮರಾಜಯ್ಯನವರು ಇನ್ನೂರು ಕುದುರೆಗಳ ದಂಡಿಗೆ ಯಜಮಾನರಾಗಿದ್ದವರು. ಕಡವಿನ ಪಕ್ಕದ ಮನೆಯಲ್ಲಿ ಮಹಡಿಯ ಕೋಣೆ ನನ್ನದು, ಅದರ ಕೆಳಗಿನ ಕೋಣೆ ಅವರಿಗೆ ಸಿಕ್ಕಿತ್ತು. ಕುದುರೆಗೆ ಲಾಳ ಹೊಡೆಯುವುದನ್ನು ನೋಡಿ ಬಲ್ಲವರಾದ್ದರಿಂದ ಗಾಡಿ ನಿಲ್ಲುವ ಕಡೆ ಎತ್ತುಗಳಿಗೆ ಲಾಳ ಕಟ್ಟುವ ಕೆಲಸಕ್ಕೆ ಇಳಿದರು. ಐವತ್ತು ದಾಟಿದ, ಕೋಲಿನ ಹಾಗೆ ಸಣಕಲು ಮನುಷ್ಯ. ಮಾತು ಮಾತ್ರ ಅರಮನೆಯದು. ಮೊದಮೊದಲು ಎತ್ತುಗಳಿಗೂ "ಸ್ವಲ್ಪ ಕಾಲೆತ್ತಿ" ಅಂತ ಬಹುವಚನದಲ್ಲೇ ಹೇಳುತ್ತಿದ್ದರು. ಗಾಡಿಯವರು ಬಿದ್ದು ಬಿದ್ದು ನಗುತ್ತಿದ್ದರು. ದಿನಾ ಬೆಳಿಗ್ಗೆ ಅರ್ಧ ಗಳಿಗೆ ಅವರು ಕಿಟಕಿಯ ಹತ್ತಿರ ಹೊಳೆಯ ಕಡೆ ಮುಖ ಮಾಡಿ ನಿಲ್ಲುತ್ತಿದ್ದರು. ನಿಂತಲ್ಲಿ ನೆಲದ ಚಪ್ಪಡಿ ಕುಸಿಯುತ್ತಿದೆ ಅಂತ ಮನೆಯೊಡತಿ ದೇವೀರವ್ವ ಗೊಣಗುತ್ತಿದ್ದಳು.

ನಾಲ್ಕನೇ ವರ್ಷದ ಬೇಸಗೆಯಲ್ಲಿ ಆಚೆ ದಡದಿಂದ ಮಾಫಿಯ ಸುದ್ದಿ ಬಂತು. ಅರಸನ ಕಡೆಗಿದ್ದವರು ದೀಪಾವಳಿಯೊಳಗೆ ವಾಪಸು ಬಂದು ಸಹಿ ಹಾಕಿದರೆ ತಮ್ಮ ತಮ್ಮ ಮನೆಯಲ್ಲಿ ಇರಬಹುದು, ಆಮೇಲೆ ಬಂದವರಿಗೆ ಊರ ಬಾಗಿಲು ಶಾಶ್ವತವಾಗಿ ಮುಚ್ಚಿತು ಅಂತ. ರಿಸಾಲ್ದಾರರು ಆವತ್ತೇ ನನ್ನ ಹಲಗೆಯ ಮೇಲೆ ಬಂದು ನಿಂತರು. ನಾನು ಗುಂಡು ಸರಿಸುತ್ತ ಸರಿಸುತ್ತ ತೊಲೆಯ ಅರ್ಧಕ್ಕೆ ಹೋದೆ.

"ಎಷ್ಟಾಯ್ತು ತಾಯಿ?" ಅಂದರು.

"ಹದಿನಾಲ್ಕು ಮಣ."

"ತಕ್ಕಡಿ ಸರಿಯಾಗಿದೆಯೋ ಒಮ್ಮೆ ನೋಡಿ."

"ನೋಡೇ ನಿಲ್ಸಿರೋದು ಬುದ್ಧಿ. ನಿಮ್ಮ ಮೈ ಐದು ಮಣ ಇದ್ದೀತು. ಮಿಕ್ಕಿದ್ದೆಲ್ಲ ಆಚೆ ದಡದ್ದು."

ಅವರ ಹತ್ತಿರ ಇದ್ದದ್ದು ಐದು ರೂಪಾಯಿ. ಬೇರೆಯವರು ಕೊಡುವ ಹಾಗೂ ಇಲ್ಲ. ಒಬ್ಬರ ತೂಕಕ್ಕೆ ಇನ್ನೊಬ್ಬರು ದುಡ್ಡು ಕೊಟ್ಟರೆ ನಡುಹೊಳೆಯಲ್ಲಿ ದೋಣಿ ಮಗುಚುತ್ತದೆ ಅಂತ ನಮ್ಮ ಅಂಬಿಗರ ನಂಬಿಕೆ, ಸಾಲದ ದುಡ್ಡನ್ನೂ ಮುಟ್ಟುವುದಿಲ್ಲ. ಹೀಗಾಗಿ ರಿಸಾಲ್ದಾರರು ಮೂರು ಹೊತ್ತಿನ ಊಟವನ್ನು ಒಂದು ಹೊತ್ತಿಗಿಳಿಸಿ, ಕತ್ತಿಯ ಹಿಡಿಯಲ್ಲಿದ್ದ ಬೆಳ್ಳಿ ಕಿತ್ತು ಮಾರಿ, ಆಷಾಢ ಬರುವಷ್ಟರಲ್ಲಿ ಎಂಟು ಮಾಡಿಕೊಂಡರು. ಆಷಾಢದಲ್ಲಿ ತೂಗಿದರೆ ಹದಿನಾರು ಮಣ ಬಂತು. ದುಡ್ಡು ಕೂಡಿದ ಹಾಗೆಲ್ಲ ಮನೆ ಹತ್ತಿರವಾದಂತೆ ಅನ್ನಿಸಿ, ಹತ್ತಿರವಾದಷ್ಟೂ ಜೀವ ಎಳೆದು, ತೂಕ ಮುಂದೆ ಮುಂದೆ ಓಡುತ್ತಿತ್ತು.

ಅವರ ಕೈಕೆಳಗೆ ಜಮಾದಾರನಾಗಿದ್ದ ಭುಜಂಗಪ್ಪನ ಕತೆಯೇ ಬೇರೆ. ಅವನು ಕಡಲೆಕಾಯಿಯ ಹೊನ್ನಿಯನ್ನು ಮದುವೆಯಾಗಿ, ಎರಡೇ ವರ್ಷದಲ್ಲಿ ಎಲ್ಲ ಮರೆತು ಐದು ಮಣಕ್ಕೆ ಇಳಿದಿದ್ದ. ಮಾಫಿ ಬಂದದ್ದೇ ಆಚೆ ದಡಕ್ಕೆ ಹೋಗಿ ಸಹಿ ಹಾಕಿ, ಅಲ್ಲಿಂದ ಎರಡು ಚೀಲ ಮೆಣಸಿನಕಾಯಿ ತಂದು ವ್ಯಾಪಾರ ಶುರುಮಾಡಿದ. ತಿಂಗಳಿಗೆ ಎರಡು ಸಲ ಹೋಗುತ್ತಿದ್ದ. ಹೋಗಲೇಬೇಕು ಅನ್ನುವವರಿಗೆ ಆಗದು, ಆಗುವವನಿಗೆ ಬೇಕಾಗಿಲ್ಲ. ಇದೆಂಥ ನ್ಯಾಯವೋ ಅಂತ ತೊಲೆಯ ಮುಂದೆ ಕೂತು ನಾನು ಎಷ್ಟೋ ಸಲ ಅಂದುಕೊಂಡಿದ್ದೇನೆ.

ಭುಜಂಗಪ್ಪನ ಬಾಯಲ್ಲಿ ಆಚೆ ದಡದಲ್ಲಿದ್ದ ತಮ್ಮ ಹೆಂಡತಿಯ ಸುದ್ದಿ ಬರುತ್ತದೆ ಅಂತ ರಿಸಾಲ್ದಾರರು ಮಧ್ಯಾಹ್ನ ಕೆಲಸ ಮುಗಿಸಿ ನನ್ನ ತಕ್ಕಡಿಯ ಪಕ್ಕದ ಬಂಡೆಯ ಮೇಲೆ ಬಂದು ಕೂರುತ್ತಿದ್ದರು. ದೋಣಿ ಬರದ ದಿನವೂ ಬರುತ್ತಿದ್ದರು. ಅವರ ಹೆಂಡತಿಯ ಹೆಸರು ಮುದ್ದಮ್ಮಣ್ಣಿ. ಆಕೆಗೆ ಸಿಟ್ಟು ಬಂದರೆ ಮಾತಾಡುವುದಿಲ್ಲವಂತೆ, ತೊಳೆದ ಪಾತ್ರೆಯನ್ನೇ ಹೊರಗೆ ಹಾಕಿಕೊಂಡು ಮತ್ತೆ ತೊಳೆಯುತ್ತಾಳಂತೆ. ಪಾತ್ರೆಯ ಸದ್ದಿನಲ್ಲೇ ಇವರಿಗೆ ಸಿಟ್ಟು ಎಷ್ಟಿದೆ ಅಂತ ತಿಳಿಯುತ್ತಿತ್ತಂತೆ. ದಂಗೆಯ ದಿನ ಇವರು ಕುದುರೆ ಹತ್ತಿ ಹೊರಟಾಗಲೂ ಹಿತ್ತಲಿನಿಂದ ಅದೇ ಸದ್ದು ಬರುತ್ತಿತ್ತಂತೆ. ಈಗ ಆಕೆ ಮನೆಯ ಮುಂಭಾಗವನ್ನು ಬಾಡಿಗೆಗೆ ಕೊಟ್ಟು ಹಿತ್ತಲ ಕಡೆಯ ಎರಡು ಕೋಣೆಯಲ್ಲಿದ್ದಳು. ಒಂದು ಸಲ ಅವಳು ಹೇಳಿಕಳಿಸಿದ್ದು ಇಷ್ಟೇ: ಬಾವಿಯ ರಾಟೆ ಕಿರುಗುಟ್ಟುತ್ತಿದೆ, ಎಣ್ಣೆ ಬಿಡುವವರು ಬೇಕು. ಆ ಮಾತನ್ನು ರಿಸಾಲ್ದಾರರು ನನಗೆ ಮೂರು ಸಲ ಹೇಳಿದರು. ಮೂರನೇ ಸಲ ಕಣ್ಣೊರೆಸಿಕೊಂಡರು.

ನಾನು ಮದುವೆಯಾದವಳಲ್ಲ. ತಕ್ಕಡಿಯವಳನ್ನು ಮದುವೆಯಾಗಲು ಬಂದವರಿದ್ದರು, ನನಗೇ ಯಾರೂ ಬೇಕು ಅನ್ನಿಸಿರಲಿಲ್ಲ. ಅಷ್ಟು ದಿನ ಮಧ್ಯಾಹ್ನ ಅಂದರೆ ನನಗೆ ಬರೀ ಬಿಸಿಲು. ಈಗ ಗಾಡಿ ನಿಲ್ಲುವ ಕಡೆಯಿಂದ ಸುತ್ತಿಗೆಯ ಸದ್ದು ನಿಂತದ್ದೇ ನಾನು ಸೆರಗು ಸರಿಮಾಡಿಕೊಂಡು, ಬಂಡೆಯ ಮೇಲಿನ ಧೂಳು ಕೊಡವಿ, ಕುಡಿಯುವ ನೀರಿನ ತಂಬಿಗೆ ಹೊರಗಿಡುತ್ತಿದ್ದೆ. ಇನ್ನೊಬ್ಬಳ ಪಾತ್ರೆಯ ಸದ್ದಿನ ಕತೆ ಕೇಳಲು ಇಷ್ಟೊಂದು ತಯಾರಿ ಯಾಕೆ ಅಂತ ನನ್ನನ್ನು ನಾನು ಕೇಳಿಕೊಳ್ಳಲಿಲ್ಲ.

ತಕ್ಕಡಿ ತಪ್ಪತೊಡಗಿದ್ದು ಶ್ರಾವಣದಲ್ಲಿ. ಒಂದು ಬೆಳಿಗ್ಗೆ ಹಲಗೆ ಹತ್ತಿದರೆ ತೊಲೆಯ ಬಾಲ ಮೇಲಕ್ಕೆದ್ದಿತು. ಮರ ತೇವ ಕುಡಿದಿದೆ ಅಂದುಕೊಂಡು ಚೀಲಕ್ಕೆ ಒಂದು ಹಿಡಿ ಮರಳು ಹಾಕಿದೆ, ಸರಿಯಾಯಿತು. ನಾಲ್ಕು ದಿನ ಬಿಟ್ಟು ಇನ್ನೊಂದು ಹಿಡಿ. ಭಾದ್ರಪದ ಮುಗಿಯುವಷ್ಟರಲ್ಲಿ ಚೀಲ ಹಲಸಿನಕಾಯಿಯಂತೆ ಜೋತುಬಿದ್ದಿತ್ತು. ಊರಿನವರು ಒಬ್ಬೊಬ್ಬರೂ ಒಂದು ಮಣ, ಎರಡು ಮಣ ಕಡಿಮೆ ತೂಗಿದರು. ಕಡಿಮೆ ಬಂದದ್ದಕ್ಕೆ ಯಾರು ಬಾಯಿಬಿಡುತ್ತಾರೆ ಹೇಳಿ, ಸುಮ್ಮನೆ ದುಡ್ಡು ಕೊಟ್ಟು ದೋಣಿ ಹತ್ತಿದರು. ಕಡವಿನ ಗುತ್ತಿಗೆ ಹಿಡಿದಿದ್ದ ಗುತ್ತಿಗೆದಾರರು ಮಾತ್ರ ಬಂದು, "ಏನ್ ಸಣ್ಣಮ್ಮ, ವಸೂಲಿ ಇಳಿದುಹೋಗಿದೆಯಲ್ಲ" ಅಂದರು. "ಜನಕ್ಕೆ ಆಸೆ ಕಮ್ಮಿ ಆಗಿದೆ, ನಾನೇನ್ ಮಾಡ್ಲಿ" ಅಂದೆ. ತಕ್ಕಡಿಯ ಮೇಲೆ ಅನುಮಾನ ಪಟ್ಟರೆ ನನಗೆ ಮೈ ಉರಿಯುತ್ತದೆ.

ರಿಸಾಲ್ದಾರರು ಆಶ್ವಯುಜದ ಮೊದಲ ವಾರ ತೂಗಿಸಿಕೊಂಡಾಗ ಹದಿನೈದು ಬಂತು. ಹದಿನಾರಿದ್ದದ್ದು ಹದಿನೈದು. ಖುಷಿಪಡುತ್ತಾರೆ ಅಂದುಕೊಂಡೆ, ಮನುಷ್ಯ ಬಂಡೆಯ ಮೇಲೆ ಕುಸಿದು ಕೂತರು.

"ಸಣ್ಣಮ್ಮನವರೇ, ನಾನು ಅವಳನ್ನು ಮರೀತಾ ಇದ್ದೀನಾ?"

"ಇಳಿದ್ರೆ ಒಳ್ಳೇದಲ್ವಾ? ಬೇಗ ಹೋಗ್ಬೋದು."

"ಮರೆತು ಹೋಗಿ ಏನು ಮಾಡ್ಲಿ ಹೇಳಿ. ಬೆಳಿಗ್ಗೆ ಅವಳ ಮುಖ ನೆನೆಸಿಕೊಂಡೆ, ಸರಿಯಾಗೇ ಕಂಡಳು. ಹುಬ್ಬಿನ ಮೇಲಿನ ಮಚ್ಚೆ ಸಮೇತ ಕಂಡಳು. ಮತ್ತೆ ಈ ಒಂದು ಮಣ ಎಲ್ಲಿ ಹೋಯ್ತು?"

ನನಗೆ ಯಾಕೋ ಸಿಟ್ಟು ಬಂತು. "ಎಲ್ಲೂ ಹೋಗಿರಾಕಿಲ್ಲ, ಒಂದೊತ್ತು ಉಣ್ಣೋರಿಗೆ ಮೈ ಕರಗ್ದೆ ಇರ್ತದಾ" ಅಂದೆ. ಅವರು ಸಮಾಧಾನವಾದವರ ಹಾಗೆ ತಲೆ ಆಡಿಸಿ ನೀರು ಕುಡಿದು ಎದ್ದರು. ಅವರು ಹೋದ ಮೇಲೆ ನಾನು ಆ ತಂಬಿಗೆಯನ್ನು ತೊಳೆದೆ. ಅದು ತೊಳೆದೇ ಇದ್ದ ತಂಬಿಗೆ. ಎರಡು ಸಲ ತೊಳೆದೆ.

ದೀಪಾವಳಿಗೆ ಮುಂಚಿನ ಕೊನೆಯ ದೋಣಿಯ ಹಿಂದಿನ ಸಂಜೆ ಅವರು ಗಂಟು ಬಿಚ್ಚಿ ನನ್ನ ಮುಂದೆ ಇಟ್ಟರು. ಹನ್ನೆರಡು ರೂಪಾಯಿ. ಮಾರಲು ಇನ್ನು ಯಾವ ಸಾಮಾನೂ ಉಳಿದಿರಲಿಲ್ಲ. ತೂಗಿದರೆ ಹದಿನಾಲ್ಕೂವರೆ. ಅವರು ಹಲಗೆಯಿಂದ ನಿಧಾನವಾಗಿ ಇಳಿದರು. "ನಾಳೆ ಬೆಳಿಗ್ಗೆ ಒಂದೇ ಒಂದು ಸಲ ನಿಂತು ನೋಡ್ತೀನಿ. ಆಗದಿದ್ದರೆ ಬಿಡಿ, ಈ ಜನ್ಮ ಎತ್ತುಗಳ ಜೊತೆ" ಅಂದರು. ನಾನು ಮಹಡಿಗೆ ಹೋಗಿ ಮಲಗಿದೆ. ಕೆಳಗೆ ಅವರು ಪೆಟ್ಟಿಗೆ ಕಟ್ಟುವುದು ಕೇಳಿಸುತ್ತಿತ್ತು. ಹೋಗುವುದಾಗದು ಅಂತ ಗೊತ್ತಿದ್ದೂ ಕಟ್ಟುತ್ತಿದ್ದರು. ಪಾಪ, ಹೋಗಲಿ ಅಂತ ನನ್ನ ಜೀವ ಹೊಡೆದುಕೊಂಡಿತು. ಹೋಗದೆ ಇಲ್ಲೇ ಇರಲಿ, ನಾಳೆ ಮಧ್ಯಾಹ್ನವೂ ಬಂಡೆಯ ಮೇಲೆ ಬಂದು ಕೂರಲಿ ಅಂತಲೂ ಹೊಡೆದುಕೊಂಡಿತು. ಎರಡನ್ನೂ ನಾನು ಅಷ್ಟೇ ಬಲವಾಗಿ ಬಯಸಿದೆ.

ಬೆಳಿಗ್ಗೆ ಹಲಗೆ ಹತ್ತಿದೆ. ತೊಲೆಯ ಬಾಲ ಆಕಾಶಕ್ಕೆ ಚಿಮ್ಮಿತು. ಇಂಥದ್ದನ್ನು ನಾನು ಕಂಡಿರಲಿಲ್ಲ. ಹೊಳೆಯ ಮೇಲೆ ಮಂಜು ಕವಿದಿತ್ತು, ಮಂಜು ಕುಡಿದು ಮರ ಕೆಟ್ಟಿದೆ ಅಂದುಕೊಂಡು ಚೀಲಕ್ಕೆ ಮರಳು ಸುರಿದೆ. ಚೀಲ ತುಂಬಿತು. ಸಾಲದೆ, ಹಳೇ ಸೀರೆಯ ತುಂಡಿನಲ್ಲಿ ಇನ್ನೊಂದು ಗಂಟು ಕಟ್ಟಿ ನೇತುಹಾಕಿದೆ. ಆಗ ನಾಲ್ಕೂವರೆಗೆ ನಿಂತಿತು. ನನಗೆ ಸಮಾಧಾನವಾಯಿತು, ತಕ್ಕಡಿ ಸರಿಮಾಡಿದ ಸಮಾಧಾನ.

ರಿಸಾಲ್ದಾರರು ಕೊನೆಗುಳಿದ ದಂಡಿನ ಅಂಗಿ ತೊಟ್ಟು ಬಂದರು. ಗುಂಡಿಯ ಜಾಗದಲ್ಲಿ ದಾರ ಕಟ್ಟಿಕೊಂಡಿದ್ದರು. ಪೆಟ್ಟಿಗೆಯನ್ನು ತೂಗಿಸಲು ದುಡ್ಡಿಲ್ಲವೆಂದು ದೇವೀರವ್ವನಿಗೇ ಕೊಟ್ಟು ಬರಿಗೈಯಲ್ಲಿ ಹಲಗೆಯ ಮೇಲೆ ನಿಂತರು. ನಾನು ಗುಂಡನ್ನು ಹದಿನಾಲ್ಕರಿಂದ ಹಿಂದಕ್ಕೆ ಸರಿಸಿದೆ. ಹದಿಮೂರು. ತೊಲೆ ಇನ್ನೂ ಹಿಂದಕ್ಕೆ ಅನ್ನುತ್ತಿತ್ತು. ಹನ್ನೆರಡೂಕಾಲಿಗೆ ಬಂದು ನಿಂತಿತು.

ಅವರು ಬಗ್ಗಿ ಬೂಟು ಬಿಚ್ಚಿದರು. ಕುದುರೆ ಹೋದರೂ ಮಾರದೆ ಇಟ್ಟುಕೊಂಡಿದ್ದ, ಹಿಮ್ಮಡಿ ಸವೆದ ಸವಾರಿ ಬೂಟು. ಅದನ್ನು ಕೆಳಗಿಟ್ಟು ಬರಿಗಾಲಲ್ಲಿ ನಿಂತರು. ಸರಿಯಾಗಿ ಹನ್ನೆರಡು.

ಅವರು ಒಂದೊಂದಾಗಿ ದುಡ್ಡು ಎಣಿಸಿ ಕೊಟ್ಟರು, ನಾನೂ ಒಂದೊಂದಾಗಿ ಎಣಿಸಿ ತೆಗೆದುಕೊಂಡೆ. "ಮುದ್ದಮ್ಮಣ್ಣಿಗೆ ನಿಮ್ಮ ವಿಷಯ ಹೇಳ್ತೀನಿ" ಅಂದರು. "ಏನಂತ?" ಅಂದೆ. "ಕಡವಿನಲ್ಲಿ ಒಬ್ಬರು ತೂಕದಮ್ಮ ಇದ್ದರು, ಒಂದು ಕಾಸು ಆ ಕಡೆ ಈ ಕಡೆ ಮಾಡಿದವರಲ್ಲ ಅಂತ." ಅವರು ಕೈಮುಗಿದರು. ನಾನು "ರಾಟೆಗೆ ಹರಳೆಣ್ಣೆ ಬಿಡಿ, ಬೇರೆದು ನಿಲ್ಲಾಕಿಲ್ಲ" ಅಂತಷ್ಟೇ ಹೇಳಿದೆ.

ಅವರು ಕಾಲಿಟ್ಟದ್ದೇ ದೋಣಿ ಅಂಚಿನವರೆಗೂ ಇಳಿಯಿತು. ಅಂಬಿಗರ ಹುಚ್ಚೀರಣ್ಣ ನೀರನ್ನೊಮ್ಮೆ ನನ್ನನ್ನೊಮ್ಮೆ ನೋಡಿ, "ಸಣ್ಣಕ್ಕ, ಇದು ಹನ್ನೆರಡಾ?" ಅಂದ. "ನನ್ನ ತಕ್ಕಡಿ ಸುಳ್ಳು ಹೇಳ್ತದಾ?" ಅಂತ ಗದರಿದೆ. ಅವನು ಬಿದಿರ ಗಳು ಊರಿದ. ಆವತ್ತು ಬೇರೆ ಗಿರಾಕಿ ಇರಲಿಲ್ಲವಾಗಿ ದೋಣಿ ಮುಳುಗಲಿಲ್ಲ. ಮಂಜಿನೊಳಗೆ ಅದು ಮರೆಯಾಗುವವರೆಗೂ ಅವರು ಆಚೆ ಕಡೆಗೇ ಮುಖ ಮಾಡಿ ನಿಂತಿದ್ದರು.

ಮಾರನೇ ಸಂಜೆ ಹುಚ್ಚೀರಣ್ಣ ವಾಪಸು ಬಂದ. "ಮುಟ್ಟಿಸಿದೆ" ಅಂದ. "ಆ ದಡದಾಗೆ ಅವರು ಕಾಲಿಟ್ಟರು ನೋಡು, ಮರಳಲ್ಲಿ ಹೆಜ್ಜೆ ಸೈತ ಮೂಡಲಿಲ್ಲ. ಹಂಗೇ ಓಡಿದರು. ದೋಣಿ ಒಂದು ಮೊಳ ಮೇಲಕ್ಕೆ ಬಂತು ಸಣ್ಣಕ್ಕ. ಹದಿನೇಳಕ್ಕೆ ಕಮ್ಮಿ ಇರಲಿಲ್ಲ ಆ ಮನುಷ್ಯ. ಮೂವತ್ತು ವರ್ಷ ಗಳು ಹಾಕಿದ ಕೈ ಇದು." ನನಗೆ ಮೈಯೆಲ್ಲ ಉರಿಯಿತು. ಬಾ ನೋಡು ಅಂತ ಅವನನ್ನು ತಕ್ಕಡಿಯ ಹತ್ತಿರ ಎಳೆದುಕೊಂಡು ಹೋದೆ. ಅವನು ಚೀಲ ನೋಡಿದ, ಸೀರೆಯ ಗಂಟು ನೋಡಿದ. ಎರಡನ್ನೂ ಬಿಚ್ಚಿ ಮರಳನ್ನು ನೆಲಕ್ಕೆ ಸುರಿದು, "ಈಗ ಹತ್ತು" ಅಂದ.

ಹತ್ತಿದೆ. ಗುಂಡನ್ನು ಅವನೇ ಸರಿಸಿದ. ನಾಲ್ಕೂವರೆ ದಾಟಿತು, ಏಳು ದಾಟಿತು, ಒಂಬತ್ತೂವರೆಯಲ್ಲಿ ನಿಂತಿತು. ಅವನು ತೊಲೆಯನ್ನೇ ನೋಡುತ್ತ ನಿಂತ. ನನ್ನ ಮುಖ ನೋಡಲಿಲ್ಲ, ಅದು ಅವನ ದೊಡ್ಡತನ. ನಮ್ಮೂರಲ್ಲೇ ಹುಟ್ಟಿದವನಿಗೆ ಬಿಡಿಸಿ ಹೇಳುವ ಅಗತ್ಯ ಇರಲಿಲ್ಲ. "ತೊಲೆಗೆ ತೇವ ಬಂದದೆ ಅಂತ ಗುತ್ತಿಗೆದಾರರಿಗೆ ಹೇಳ್ತೀನಿ" ಅಂದ. ಬೇಡ ಅಂದೆ. ನನ್ನ ಮೈ ಬದಲಾಗದು ಅನ್ನುವುದನ್ನೇ ನಂಬಿಕೊಂಡು ಮೂರು ತಿಂಗಳು ಇಡೀ ಊರನ್ನು ತಪ್ಪು ತೂಗಿದ್ದೆ. ಇನ್ನೂ ಸುಳ್ಳು ಕಟ್ಟಿಕೊಂಡು ಬದುಕುವುದು ನನ್ನ ಕೈಲಾಗದು.

ಗುತ್ತಿಗೆದಾರರು ಬಯ್ಯಲಿಲ್ಲ. ಕಲ್ಲು ಸವೆದರೆ ಬದಲಾಯಿಸುತ್ತಾರೆ, ಹಾಗೆ ಬದಲಾಯಿಸಿದರು. ಈಗ ತಕ್ಕಡಿ ಭುಜಂಗಪ್ಪನದು. ಅವನಿಗಿಂತ ಗಟ್ಟಿ ಕಲ್ಲು ಊರಲ್ಲಿ ಬೇರೆ ಸಿಗುವುದಿಲ್ಲ, ದಿನಾ ಬೆಳಿಗ್ಗೆ ಐದು ಮಣ. ನಾನು ಮಂಡಿಯಲ್ಲಿ ಅಕ್ಕಿ ಕೇರುತ್ತೇನೆ, ಬಾಗಿಲಲ್ಲಿ ಕಿಲ್ಲೇದಾರರು ಕೋಲು ಹಿಡಿದು ನಿಂತಿರುತ್ತಾರೆ. ಮೆಟ್ಟಿಲು ಹತ್ತುವಾಗ ನಾವಿಬ್ಬರೂ ಗೋಡೆ ಹಿಡಿದುಕೊಳ್ಳುತ್ತೇವೆ. ಆಚೆ ದಡಕ್ಕೆ ಹೋಗಿ ಬರುತ್ತೀಯಾ, ಒಂಬತ್ತೂವರೆ ರೂಪಾಯಿ ತಾನೇ ಅಂತ ಹೊನ್ನಿ ಒಂದು ದಿನ ಕೇಳಿದಳು. ಹೋಗಿ ಏನು ಮಾಡಲಿ? ಅವರಿಗಾದರೆ ಆ ದಡದಲ್ಲಿ ತೂಕ ಇಳಿಸಿಕೊಳ್ಳಲು ಒಂದು ಮನೆಯಿತ್ತು.

ಮಹಡಿಯ ಕೋಣೆಯ ಹಲಗೆಗಳು ನಾನು ಓಡಾಡಿದರೆ ಕಿರುಗುಟ್ಟುತ್ತವೆ ಅಂತ ದೇವೀರವ್ವ ನನ್ನನ್ನು ಕೆಳಗಿನ ಕೋಣೆಗೆ ಇಳಿಸಿದ್ದಾಳೆ. ಬೂಟುಗಳನ್ನು ಮೂಲೆಯಲ್ಲಿ ಇಟ್ಟುಕೊಂಡಿದ್ದೇನೆ. ಕಿಟಕಿಯ ಹತ್ತಿರ ಚಪ್ಪಡಿಯಲ್ಲಿ ಎರಡು ಕುಳಿಗಳಿವೆ, ನಾಲ್ಕು ವರ್ಷ ಒಬ್ಬ ಮನುಷ್ಯ ಹೊಳೆಯ ಕಡೆ ಮುಖ ಮಾಡಿ ನಿಂತ ಪಾದದ ಕುಳಿಗಳು. ಬೆಳಿಗ್ಗೆ ಸ್ನಾನ ಮಾಡಿ, ತಕ್ಕಡಿ ಹತ್ತುತ್ತಿದ್ದ ಹೊತ್ತಿಗೆ, ನಾನು ಅದರಲ್ಲಿ ನಿಲ್ಲುತ್ತೇನೆ. ಮೊದಲು ನನ್ನ ಪಾದಕ್ಕೆ ದೊಡ್ಡದಾಗಿದ್ದವು. ಈಗ ಸರಿಹೊಂದುತ್ತಿವೆ.